ಮೂರನೇ ಜ್ವರ

ಅವರ ಹೆಸರು ಬರೆಯುವುದಿಲ್ಲ. ನಿವೃತ್ತಿಯ ದಿನ ಕಾಲೇಜಿನವರು ಶಾಲು, ಹಾರ, ಮೈಸೂರು ಪೇಟ ಎಲ್ಲ ತಂದಿಟ್ಟುಕೊಂಡು ಕಾಯುತ್ತಿದ್ದರೆ ಹಿಂದಿನ ಬಾಗಿಲಿನಿಂದ ಬಸ್ ಸ್ಟ್ಯಾಂಡಿಗೆ ನಡೆದು ಹೋದ ಮನುಷ್ಯ. ಈಗ ನಾನು ಹೆಸರು ಹಿಡಿದು ಹೊಗಳಿದರೆ ಮೇಲಿದ್ದುಕೊಂಡೇ ಬೈದಾರು. ಹೋದ ತಿಂಗಳು ಗದಗದ ಕಡೆಯ ತಮ್ಮ ಊರಿನಲ್ಲಿ ತೀರಿಕೊಂಡರೆಂದು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಸುದ್ದಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಯಳಂದೂರಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತಿದ್ದ ನನಗೆ ಮೊದಲು ಬಂದದ್ದು ಹಳೆಯ ಸಿಟ್ಟು. ಅಳು ಬಂದದ್ದು ಆಮೇಲೆ, ಮನೆಗೆ ಹೋಗುವ ಬಸ್ಸಿನಲ್ಲಿ.

ಕೊಳ್ಳೇಗಾಲದಲ್ಲಿ ನಾನು ಬಿ.ಎಸ್ಸಿ. ಓದುವಾಗ ಅವರು ನಮಗೆ ಪ್ರಾಣಿಶಾಸ್ತ್ರದ ಮೇಷ್ಟ್ರು. ಉದ್ದಕ್ಕೆ, ಒಣಕಲಾಗಿ, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಇರುತ್ತಿದ್ದರು. ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಡ್ರಾಪರ್. ಬಣ್ಣ ಹಾಕಿ ಹಾಕಿ ಬಲಗೈಯ ಎರಡು ಬೆರಳು ಶಾಶ್ವತವಾಗಿ ನೀಲಿ. ಥಿಯರಿ ಕ್ಲಾಸಿನಲ್ಲಿ ನಾವು ನಿದ್ದೆ ಹೊಡೆದರೂ ಕೇಳದ ಮನುಷ್ಯ ಲ್ಯಾಬಿನ ಹೊಸಿಲು ದಾಟಿದರೆ ಬೇರೆಯೇ ಆಗುತ್ತಿದ್ದರು. ಪ್ರಾಕ್ಟಿಕಲ್ ಇರುವ ದಿನ ನನಗೆ ಬೆಳಗಿನ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ನಮ್ಮ ಕಾಲೇಜಿನಲ್ಲಿ ರೆಕಾರ್ಡು ಎಂದರೆ ಸೀನಿಯರ್‌ಗಳ ರೆಕಾರ್ಡು ನೋಡಿ ಬರೆಯುವುದು. ಅವರು ಅವರ ಸೀನಿಯರ್‌ಗಳದ್ದು ನೋಡಿ ಬರೆದಿರುತ್ತಾರೆ. ನಾನು ಮೊದಲ ವರ್ಷ ಕೆರೆನೀರಿನ ಪ್ಯಾರಮೀಸಿಯಮ್ ಚಿತ್ರವನ್ನು ಎರಡು ದಿನ ಕೂತು, ಬಣ್ಣದ ಪೆನ್ಸಿಲ್ಲಿನಲ್ಲಿ, ಒಂದೊಂದು ಅಂಗಕ್ಕೂ ಗೆರೆ ಎಳೆದು ಹೆಸರು ಬರೆದು ತಂದೆ. ಅವರು ನೋಡಿದರು.

"ಛಲೋ ಐತಿ. ಎಲ್ಲಿ ನೋಡಿದಿ ಇದನ್ನ?"

"ಮೈಕ್ರೋಸ್ಕೋಪಲ್ಲಿ ಸಾ."

"ಬಾ ಹಂಗಾರ, ನನಗೂ ತೋರಸು."

ನನ್ನದೇ ಸ್ಲೈಡನ್ನು ನನ್ನ ಕೈಯಲ್ಲೇ ಇಡಿಸಿದರು. ನೋಡಿದರೆ ಅದರಲ್ಲಿ ಇದ್ದದ್ದು ಒಂದು ಗಾಳಿಗುಳ್ಳೆ. ಕರಿ ಅಂಚಿನ ದುಂಡನೆಯ ಗಾಳಿಗುಳ್ಳೆ, ಅಷ್ಟೇ. ಚಂದದ ಆ ಹಾಳೆಯನ್ನು ಎಲ್ಲರೆದುರು ಹರಿದು, ಗಾಳಿಗುಳ್ಳೆಯ ಚಿತ್ರ ಬರೆಸಿ, ಹತ್ತಕ್ಕೆ ಹತ್ತು ಕೊಟ್ಟರು. "ಇದು ನೀ ಕಂಡದ್ದು. ಇಷ್ಟಕ್ಕ ಮಾರ್ಕು." ಅವಮಾನದಿಂದ ಕಿವಿ ಬಿಸಿಯಾಗಿ, ಹತ್ತು ಅಂಕ ಬಂದರೂ ಅತ್ತವಳು ನಾನೊಬ್ಬಳೇ ಇರಬೇಕು.

ಇನ್ನೊಂದು ಅಭ್ಯಾಸವಿತ್ತು. ಅವರು ಮೊದಲು ತಾವು ನೋಡಿ ನಮಗೆ ಹೇಳುತ್ತಿರಲಿಲ್ಲ. ನಾವು ನೋಡಬೇಕು, ಕಂಡದ್ದನ್ನು ಬಾಯಲ್ಲಿ ಹೇಳಬೇಕು, ಅವರು ಕೈಕಟ್ಟಿಕೊಂಡು ಕೇಳಬೇಕು. ಅನುಮಾನ ಬಂದರೆ ಇನ್ನಿಬ್ಬರನ್ನು ಕರೆದು ಅದನ್ನೇ ನೋಡಿಸುವರು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದಿ ಮಾಡಿದವರು ದಡ್ಡರಲ್ರಿ" ಎನ್ನುತ್ತಿದ್ದರು.

ಕೊನೆಯ ವರ್ಷ ಪ್ರಾಜೆಕ್ಟ್ ಬಂತು. ಉಳಿದ ಕಾಲೇಜುಗಳಲ್ಲಿ ಝೆರಾಕ್ಸ್ ಅಂಗಡಿಯವನೇ ಪ್ರಾಜೆಕ್ಟ್ ಮುಗಿಸಿಕೊಡುತ್ತಿದ್ದ. ನಮ್ಮವರು ಹೇಳಿದ್ದು ಒಂದೇ ಮಾತು: "ನಿಮ್ಮ ಮನಿ ಸುತ್ತ ಯಾವ ಜೀವ ಅದಾವ, ಅವನ್ನ ತರ್ರಿ." ಯಳಂದೂರಿನ ನಾಗೇಂದ್ರ ಗದ್ದೆಯ ಏಡಿ ತಂದ. ಕೊಳ್ಳೇಗಾಲದ ಮಗ್ಗದ ಬೀದಿಯ ಸವಿತಾ ಗೋಡೆಯ ಜೇಡ ತಂದಳು. ರೇಷ್ಮೆಯ ಮೇಲೆ ಮೂರು ತಲೆಮಾರು ಬದುಕಿದ ಮನೆಯವಳು, ಆದರೆ ಹುಳ ಕಂಡರೆ ಕಿರುಚುತ್ತಿದ್ದಳು. ಅದಕ್ಕೇ ಹುಳ ನನ್ನ ಪಾಲಿಗೆ ಬಂತು. ಶಾಗ್ಯದ ನಮ್ಮ ಮನೆಯಲ್ಲಿ ಅಪ್ಪನದು ಹೊಲ, ಅವ್ವನದು ಹುಳ. ನಾನು ಹುಟ್ಟಿದ್ದೇ ರೇಷ್ಮೆಹುಳ ಸೊಪ್ಪು ತಿನ್ನುವ ಸದ್ದಿನಲ್ಲಿ. ಈ ವಿಷಯದಲ್ಲಾದರೂ ಗದಗದ ಮೇಷ್ಟ್ರಿಗೆ ನಾನೇ ಪಾಠ ಹೇಳುತ್ತೇನೆಂದು ಒಳಗೊಳಗೇ ಹಿಗ್ಗಿದೆ.

ಅವ್ವನ ಹುಳದಲ್ಲಿ ನೂರನ್ನು ಒಂದು ತಟ್ಟೆಯಲ್ಲಿ ಬೇರೆ ಇಟ್ಟುಕೊಂಡು ದಿನಾ ನೋಡಿ ಬರೆಯುವುದು ನನ್ನ ಕೆಲಸ. ಮೇಷ್ಟ್ರು ಒಂದು ದಿನ ಊರಿಗೆ ಬಂದು, ಹುಳದ ಮನೆಯ ಬಾಗಿಲಲ್ಲೇ ನಿಂತು, ತಟ್ಟೆ ಇಟ್ಟ ಜಾಗ ನೋಡಿಕೊಂಡು ಹೋದರು. ಅದಾದ ವಾರಕ್ಕೆ ನಾನು ಪುಸ್ತಕ ತಂದು ತೋರಿಸಿದೆ. 'ಮೂರನೇ ಜ್ವರ. ಹುಳ ಜ್ವರಕ್ಕೆ ಕೂತಿವೆ. ಮೇವು ಬಿಟ್ಟಿವೆ.'

ಅವರು ಓದಿ ತಲೆ ಎತ್ತಿದರು. "ಯಾರಿಗೆ ಬಂದದವಾ ಜ್ವರ? ಥರ್ಮಾಮೀಟರ್ ಹಚ್ಚಿ ನೋಡಿದೇನು?"

ಇಡೀ ಲ್ಯಾಬು ಹೋ ಎಂದು ನಕ್ಕಿತು. ನಮ್ಮ ಕಡೆ ಎಳೆಮಗುವಿಗೂ ಗೊತ್ತಿರುವ ಮಾತು ಅದು. ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಆಮೇಲೆ ಪೊರೆ ಕಳಚಿ ಎದ್ದು ಮತ್ತೆ ತಿನ್ನುತ್ತದೆ. ಆ ಕೂರುವುದಕ್ಕೆ ಜ್ವರ ಎನ್ನುತ್ತೇವೆ. ಅದು ಕಾಯಿಲೆಯಲ್ಲ. ನಾಗೇಂದ್ರನೇ ಎದ್ದು ಬಿಡಿಸಿ ಹೇಳಿದ: "ಸಾ, ಉಳ ಪೊರೆ ಬುಡೋಕ್ ಕೂತ್ಕತವಲ್ಲ, ಅದ್ಕೆ ನಾವು ಜರ ಅನ್ನೋದು ಸಾ."

ಮೇಷ್ಟ್ರು ನಗಲಿಲ್ಲ. ನನ್ನ ಕಡೆ ತಿರುಗಿ, "ಪೊರಿ ಬಿಟ್ಟದ್ದು ನೋಡಿದೇನು?" ಎಂದರು.

"ಇಲ್ಲ ಸಾ. ನಾಳೆ ಬುಡ್ತವೆ."

"ನಾಳಿಂದು ಇವತ್ತ ಯಾಕ ಬರದಿ?" ಕೆಂಪು ಪೆನ್ನು ತೆಗೆದು ಆ ಮಾತನ್ನು ಹೊಡೆದು ಹಾಕಿದರು. "ಇನ್ನ ಈ ಪುಸ್ತಕದಾಗ ಜ್ವರ ಅನ್ನೂ ಶಬ್ದ ಬರಬಾರದು. ಅದು ಊರಿಗೆ ಗೊತ್ತಿದ್ದದ್ದು. ನಿನ್ನ ಕಣ್ಣಿಗೆ ಏನ ಕಂಡ್ತು, ಅದನ್ನ ಬರಿ."

ಮನೆಗೆ ಹೋಗಿ ಅವ್ವನ ಹತ್ತಿರ ಹೇಳಿಕೊಂಡೆ. ಅವಳು ಸೊಪ್ಪು ಹಾಸುತ್ತಲೇ ನಕ್ಕಳು. "ಉಳಾನೇ ಕಾಣ್ದೋರು ಉಳದ್ ಪಾಠ ಮಾಡ್ತಾರಾ? ಸಂದಾಗದೆ ಬುಡು."

ಮರುದಿನ ಬೆಳಿಗ್ಗೆ ತಟ್ಟೆಯ ಮುಂದೆ ಕೂತೆ. ಜ್ವರ ಎಂಬ ಮಾತಿಲ್ಲದೆ ಬರೆಯಲು ಏನೂ ತೋಚಲಿಲ್ಲ. ಬೇರೆ ದಾರಿ ಇಲ್ಲದೆ ಒಂದೊಂದೇ ಹುಳ ಎಣಿಸತೊಡಗಿದೆ. ಅರವತ್ತೆಂಟು ಪೊರೆ ಬಿಟ್ಟು ಎದ್ದು ತಿನ್ನುತ್ತಿದ್ದವು. ಮೂವತ್ತೆರಡು ಹಿಂದಿನ ದಿನ ಕೂತಂತೆಯೇ ಕೂತಿದ್ದವು. ಅವುಗಳಲ್ಲಿ ಹನ್ನೊಂದು ಉಳಿದವಕ್ಕಿಂತ ಅರ್ಧಕ್ಕರ್ಧ ಸಣ್ಣ. ನಾಲ್ಕರ ಮೈಮೇಲೆ ಮೆಣಸಿನಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಈ ಸಣ್ಣ ಹುಳಗಳನ್ನು ನಾನು ಎರಡು ದಿನದಿಂದ ಕಂಡಿದ್ದೆ. 'ಜ್ವರದಲ್ಲಿವೆ, ಹಿಂದೆಮುಂದೆ ಏಳುತ್ತವೆ' ಎಂದು ದಾಟಿ ಹೋಗಿದ್ದೆ. ಅವ್ವನೂ ದಾಟಿ ಹೋಗಿದ್ದಳು.

ಆ ಎಣಿಕೆಯನ್ನು ಮೇಷ್ಟ್ರಿಗೆ ಓದಿ ಹೇಳಿದಾಗ ಅವರ ಮುಖದ ಬಣ್ಣವೇ ಬದಲಾಯಿತು. ಗಂಟುರೋಗ ಇರಬಹುದು ಎಂದರು. ಹುಳ ಸಾಕುವವರ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡದ ಮಾತು ಅದು. ಅದಕ್ಕೆ ಮದ್ದಿಲ್ಲ. ಹುಳದ ಹಿಕ್ಕೆಯಲ್ಲಿ ಹರಡುತ್ತದೆ. ಅದೇ ಹಿಕ್ಕೆ, ಅದೇ ಕಸ ಗೊಬ್ಬರವಾಗಿ ಸೊಪ್ಪಿನ ತೋಟಕ್ಕೆ ಬಿದ್ದರೆ ಮುಂದಿನ ಬೆಳೆಗೂ ಬರುತ್ತದೆ, ಪಕ್ಕದ ಮನೆಗೂ ಹೋಗುತ್ತದೆ. ಇರುವ ದಾರಿ ಒಂದೇ, ಹುಳವನ್ನೆಲ್ಲ ಸುಡುವುದು. ನಮ್ಮ ಬೀದಿಯ ಹದಿನಾಲ್ಕು ಮನೆಯವರು ಮರಿಹುಳ ತಂದದ್ದು ಮೊಟ್ಟೆ ಒಡೆಸಿ ಮರಿ ಮಾರುವ ಒಂದೇ ಚಾಕಿ ಮನೆಯಿಂದ. ಕಂಡದ್ದು ನಿಜವಾದರೆ ಹೇಳಲೇಬೇಕು. ತಪ್ಪಾದರೆ ಅವ್ವ ಹಗಲೂರಾತ್ರಿ ಮೇಯಿಸಿದ ಬೆಳೆಯನ್ನು ನಾನೇ ಸುಟ್ಟಂತೆ.

ನಮ್ಮದೂ ಸೇರಿ ಬೀದಿಯ ಐದು ಮನೆಯ ಸಣ್ಣ ಹುಳ ತರಲು ನನಗೆ ಹೇಳಿದರು. ಬೇರೆ ಚಾಕಿಯ ಒಳ್ಳೆಯ ಹುಳವನ್ನು ನಾಗೇಂದ್ರನಿಂದ ಎರಡು ಸೀಸೆ ತರಿಸಿದರು. ಅಟೆಂಡರ್ ರತ್ನಮ್ಮನನ್ನು ಕರೆದು ಏಳು ಸೀಸೆಗೂ ನಂಬರು ಹಾಕಿಸಿದರು. ಯಾವ ನಂಬರು ಯಾರ ಮನೆಯದು ಎಂಬ ಚೀಟಿ ಅವಳ ಸೆರಗಿನ ಗಂಟಿನಲ್ಲಿ. ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ನಾನು, ಸವಿತಾ, ನಾಗೇಂದ್ರ ಮೂವರೂ ಬೇರೆ ಬೇರೆ ನೋಡಬೇಕು, ಮಾತಾಡಬಾರದು, ಕಂಡದ್ದನ್ನು ಬರೆದು ಮಡಿಚಿ ಕೊಡಬೇಕು. ಹುಳ ಕಂಡರೆ ಕಿರುಚುತ್ತಿದ್ದ ಸವಿತಾಳೇ ಅವತ್ತು ಹುಳವನ್ನು ಪಿಂಗಾಣಿ ಒರಳಿನಲ್ಲಿ ಅರೆದು ಕೊಟ್ಟಳು.

ನಾಲ್ಕನೇ ಸೀಸೆಯ ಸ್ಲೈಡಿನಲ್ಲಿ ರೋಗದ ಬೀಜಕಣ ಕಂಡವು. ಮೊಟ್ಟೆಯಾಕಾರದ, ಹೊಳೆಯುವ ಕಾಳುಗಳು. ಒಂದು ಕಡೆ ಹನ್ನೊಂದು, ಸರಿಸಿದರೆ ಇನ್ನೊಂದು ಕಡೆ ಒಂಬತ್ತು. ಯಾರದೋ ಮನೆ ಮುಳುಗಿತು ಎಂದುಕೊಂಡು ಬರೆದೆ.

ಮೂರು ಚೀಟಿಯನ್ನೂ ಮೇಷ್ಟ್ರು ಮೇಜಿನ ಮೇಲೆ ಬಿಡಿಸಿಟ್ಟರು. ಮೂರರಲ್ಲೂ ರೋಗ ಕಂಡ ಸೀಸೆ ಎರಡು, ನಾಲ್ಕು, ಏಳು. ರತ್ನಮ್ಮ ಸೆರಗಿನ ಗಂಟು ಬಿಚ್ಚಿದಳು. ಎರಡು ಎದುರು ಮನೆಯ ಶಿವಣ್ಣ ಮಾವನದು. ಏಳು ಅದೇ ಬೀದಿಯ ಕೆಂಪಕ್ಕನದು. ನಾಲ್ಕನ್ನು ಓದಲಾಗದೆ ನನ್ನ ಮುಖ ನೋಡಿದಳು.

"ಸಾ, ನೀವೊಂದ್ಸಲ ನೋಡಿ ಸಾ" ಎಂದು ಗೋಗರೆದೆ. ಅವರು ಬಗ್ಗಿ ಕಣ್ಣಿಟ್ಟು ತುಂಬ ಹೊತ್ತು ನೋಡಿದರು. ಎದ್ದು ಕನ್ನಡಕ ಒರೆಸಿಕೊಂಡರು. ಅಂದು ಎರಡನೇ ಶನಿವಾರ, ರೇಷ್ಮೆ ಇಲಾಖೆಯ ಕಚೇರಿಗೆ ರಜೆ. ಸೋಮವಾರದವರೆಗೆ ಎರಡು ದಿನದ ಕಸ ತೋಟಕ್ಕೆ ಬೀಳುತ್ತದೆ. "ನಡಿ, ಶಾಗ್ಯಕ್ಕ ಹೋಗೂಣು" ಎಂದರು.

ಬಸ್ಸಿನಲ್ಲಿ ನನಗೆ ಇನ್ನೊಂದು ಸಿಡಿಲು ಕಾದಿತ್ತು. "ಮನ್ಯಾಗ ನೀನ ಹೇಳಬೇಕು" ಎಂದರು.

"ಅಯ್ಯೋ ಬ್ಯಾಡಿ ಸಾ, ನೀವೇ ಏಳಿ. ನಾನೇಳುದ್ರೆ ನಮ್ಮವ್ವ ಸಿಗ್ದಾಕ್ಬುಡ್ತಾಳೆ."

"ನೋಡಿದಾಕಿ ನೀನು."

ಅತ್ತೆ. ಕೈ ಮುಗಿದೆ. ಅವರು ಕಿಟಕಿಯ ಆಚೆ ನೋಡುತ್ತ ಕೂತರು. ಆ ಗಳಿಗೆಯಲ್ಲಿ ಅವರನ್ನು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ.

ಹುಳದ ಮನೆಯ ಮುಂದೆ ಅವ್ವ ಅಡ್ಡ ನಿಂತಳು. "ಇನ್ನೂ ಒಂದಷ್ಟ್ ಉಳ ಜರದಲ್ಲವೆ ಸಾ, ಒಳಕ್ಕೆ ಯಾರ್ನೂ ಬುಡಾಕಿಲ್ಲ." ಮೇಷ್ಟ್ರು ಮೊದಲೇ ಚಪ್ಪಲಿ ಬಿಟ್ಟು ದೂರ ನಿಂತಿದ್ದರು. ನಾನು ತೊದಲುತ್ತ ಹೇಳಿದೆ. ಹೇಳುವಷ್ಟರಲ್ಲಿ ಬೀದಿಯೆಲ್ಲ ಸೇರಿತ್ತು.

ಶಿವಣ್ಣ ಮಾವ ನನ್ನನ್ನು ತೋಳಲ್ಲಿ ಎತ್ತಿ ಆಡಿಸಿದವನು. ಅವನೇ ಮೊದಲು ಕೂಗಿದ. "ಲೇ, ಈ ಐಕ್ಳು ಮಾತ್ ಕಟ್ಕಂಡು ಬೆಳೆಗ್ ಬೆಂಕಿ ಇಕ್ಕದೇನ್ಲಾ? ಓದ್ ವಾರ ಈ ಸಾರ್ ಬಂದು ಬಾಗ್ಲಲ್ ನಿಂತಿದ್ರಲ್ಲ, ಅವತ್ತೇ ಕಣ್ ತಾಕ್ತು!"

"ಕಣ್ಣು ತಾಕಾಕ ಕಣ್ಣು ಕಾಣಬೇಕಲ್ರಿ" ಎಂದರು ಮೇಷ್ಟ್ರು. "ಹುಳ ಪೊರಿ ಬಿಡ್ತಾವ. ನನ್ನ ಕಣ್ಣು ಪೊರಿ ಹಿಡಕೊಂಡು ಕುಂತಾವ."

ಯಾರಿಗೂ ನಗು ಬರಲಿಲ್ಲ. ಮಾವ ಒಂದು ಹೆಜ್ಜೆ ಮುಂದೆ ಬಂದ. "ಅಂಗಾರೆ ಕಾಯ್ಲೆ ನೀವ್ ನೋಡಿಲ್ವಾ ಸಾ?"

ಒಂದೇ ಒಂದು ಮಾತು ಸಾಕಿತ್ತು. ನೋಡಿದೆ ಎಂದಿದ್ದರೆ ಮುಗಿಯುತ್ತಿತ್ತು. ಕಾಲೇಜಿನ ಸಾರ್ ನೋಡಿದ್ದಾರೆ ಎಂದರೆ ನಮ್ಮ ಬೀದಿ ಬಾಯಿ ಮುಚ್ಚಿಕೊಳ್ಳುತ್ತಿತ್ತು, ನನ್ನ ತಲೆಯ ಮೇಲಿನ ಬಂಡೆ ಇಳಿಯುತ್ತಿತ್ತು. ಇವತ್ತು ನಾನೂ ಟೀಚರು. ನೋಡದ ಎಷ್ಟನ್ನೋ ನೋಡಿದ್ದೇನೆ ಎಂದು ಮಕ್ಕಳ ಮುಂದೆ ಹೇಳಿ ದಾಟಿದ್ದೇನೆ.

"ಇಲ್ರಿ" ಎಂದರು. "ಕಣ್ಣ ಹಚ್ಚಿದೆ. ಬರೇ ಮಂಜು. ನನಗ ಕಾಣಲಿಲ್ಲ. ಈ ಮೂರು ಹುಡುಗರಿಗೆ ಕಂಡದ."

ಮೂರು ವರ್ಷ ನಮ್ಮನ್ನು ನೋಡಿಸಿ ಕೇಳುತ್ತಿದ್ದದ್ದರಲ್ಲಿ ಪಾಠ ಎಷ್ಟು, ಪೊರೆ ಎಷ್ಟು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಜನ ಕೂಗಾಡಿದರು. ಕುರುಡು ಮೇಷ್ಟ್ರು ಎಂದು ಯಾರೋ ಹಿಂದಿನಿಂದ ಅಂದರು. ಶಿವಣ್ಣ ಮಾವನ ಕೈ ಅವರ ಕೊರಳಪಟ್ಟಿಗೆ ಬಿತ್ತು. ಅವರು ಬಿಡಿಸಿಕೊಳ್ಳಲಿಲ್ಲ. ಹಾಗೇ ನಿಂತು ನನ್ನ ಕಡೆ ತಿರುಗಿ, ಲ್ಯಾಬಿನಲ್ಲಿ ಕೇಳುವ ಅದೇ ದನಿಯಲ್ಲಿ, "ಎಷ್ಟಿದ್ದವು, ಹೇಳು" ಎಂದರು.

"ನಾಕ್ನೇ ಸೀಸೆ. ಒಂದ್ ಕಡೆ ಅನ್ನೊಂದು. ಇನ್ನೊಂದ್ ಕಡೆ ಒಂಬತ್ತು." ದನಿ ಎಲ್ಲಿಂದ ಬಂತೋ. "ನಂಬರ್ ಮಾತ್ರ ಇತ್ತು ಕಣವ್ವ. ಯಾರ್ ಮನೇದು ಅಂತ ಗೊತ್ತಿರ್ನಿಲ್ಲ."

ಅವ್ವ ನನ್ನ ಹತ್ತಿರ ಬಂದಳು. "ನಮ್ದು ಅಂತ ಗೊತ್ತಿಲ್ದಂಗೆ ನೋಡ್ದಾ?"

"ಊಂ ಕಣವ್ವ. ಗೊತ್ತಿದ್ರೆ ನಂಗೂ ಕಾಣ್ತಿರ್ನಿಲ್ವೇನೋ."

ನನ್ನನ್ನೇ ನೋಡಿದಳು. ಒಳಗೆ ಹೋದಳು. ಹೊರಗೆ ಬರುವಾಗ ಕೈಯಲ್ಲಿ ಮೊದಲನೆಯ ತಟ್ಟೆ ಇತ್ತು.

ಹಿತ್ತಿಲಲ್ಲಿ ಗುಂಡಿ ತೋಡಿ ಎಲ್ಲ ಸುಟ್ಟಳು. ಹುಳ ಸುಡುವ ವಾಸನೆ ಹೇಳಬಾರದು. ಅಪ್ಪ ಹೊಲದಿಂದ ಬಂದು ಏನೂ ಕೇಳದೆ ಸೀಮೆಎಣ್ಣೆ ಸುರಿದ. ಮೇಷ್ಟ್ರು ತೋಳು ಮಡಿಚಿ ಕೊನೆಯ ಪುಟ್ಟಿ ಕಸದವರೆಗೂ ಹೊತ್ತು ಹಾಕಿದರು. ಅವ್ವ ಅವರಿಗೆ ಒಂದು ಲೋಟ ನೀರು ಬೇಕಾ ಎಂದು ಕೇಳಲಿಲ್ಲ, ಅವರು ಕೇಳಲೂ ಇಲ್ಲ. ಸಂಜೆಯ ಬಸ್ಸಿಗೆ ಹೊರಟು ಹೋದರು. ಬೇರೆ ಯಾವ ಮನೆಯವರೂ ಸುಡಲಿಲ್ಲ. ಅವ್ವ ನನ್ನ ಜೊತೆ ಮಾತು ಬಿಟ್ಟಳು.

ಮಾರನೆಯ ದಿನ, ಭಾನುವಾರ, ಬೆಳಿಗ್ಗೆಯೇ ಶಿವಣ್ಣ ಮಾವ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಬೆಂಕಿಪೊಟ್ಟಣ. ಅದರಲ್ಲಿ ಸೊಪ್ಪಿನ ಚೂರು, ಸೊಪ್ಪಿನ ಮೇಲೆ ಮೂರು ಸಣ್ಣ ಹುಳ.

"ರಾತ್ರಿಯೆಲ್ಲ ಕೂತವೆ ಕಣೆ, ಏಳ್ನೇ ಇಲ್ಲ" ಎಂದ. "ಸಾರ್ಗೆ ಕಾಣಾಕಿಲ್ವಂತಲ್ಲ. ನೀನೇ ನೋಡೇಳವ್ವ."

ಮೊದಲ ಬಸ್ಸಿಗೆ ಇಬ್ಬರೂ ಕೊಳ್ಳೇಗಾಲಕ್ಕೆ ಹೋದೆವು. ಮೇಷ್ಟ್ರು ಕಾಲೇಜಿನ ಹಿಂದಿನ ಬೀದಿಯಲ್ಲೇ ಇದ್ದರು, ಕರೆದ ಕೂಡಲೇ ಬೀಗದಕೈ ಹಿಡಿದು ಬಂದರು. ಹಿಂದಿನ ದಿನದ ಅಂಗಿಯ ಮೇಲಿನ ಗುಂಡಿ ಕಿತ್ತು ಹೋಗಿತ್ತು, ಅದೇ ಅಂಗಿಯಲ್ಲೇ ಇದ್ದರು. ನಾನು ಅರೆದು ಸ್ಲೈಡು ಮಾಡಿ, ಸ್ಟೂಲು ಎಳೆದು ಕೂರಲು ಹೋದೆ. ಅವರು ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಮಾವನಿಗೆ ಸ್ಟೂಲು ತೋರಿಸಿದರು.

"ಕುಂದರ್ರಿ. ನೀವ ನೋಡ್ರಿ."

"ನಾನಾ? ನಂಗೇನ್ ಗೊತ್ತಾದದು ಸಾ?"

"ಮೂವತ್ತು ವರ್ಷ ಹುಳ ಸಾಕೀರಿ. ಕುಂದರ್ರಿ."

ಮಾವ ಟವೆಲ್ಲಿನಿಂದ ಕೈ ಒರೆಸಿಕೊಂಡು ಕೂತ. ಮೊದಲು ತನ್ನ ರೆಪ್ಪೆಕೂದಲೇ ಕಂಡು ಹಿಂದೆ ಸರಿದ. ನಾನು ತಿರುಪು ತಿರುಗಿಸುತ್ತ ಹೋದೆ. ಒಮ್ಮೆಲೇ ನನ್ನ ಕೈ ಹಿಡಿದು ನಿಲ್ಲಿಸಿದ.

"ಅವೆ" ಎಂದ. "ಒಳೀತಾವೆ, ಅಕ್ಕಿ ನುಚ್ಚಿನಂಗೆ."

"ಎಷ್ಟು?" ಎಂದರು ಮೇಷ್ಟ್ರು.

ಮಾವ ಕಣ್ಣು ತೆಗೆಯದೆ ತೊಡೆಯ ಮೇಲೆ ಬೆರಳು ಮಡಿಚಿ ಎಣಿಸಿದ. ಎದ್ದು ನಿಂತಾಗ ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

"ಸಾ, ನೆನ್ನೆ ನೀವು ನೋಡ್ದೆ ಅಂತ ಒಂದ್ ಮಾತಂದಿದ್ರೆ ನೆನ್ನೇನೆ ಸುಡ್ತಿದ್ದೆ."

"ಹೌದ್ರಿ" ಎಂದರು ಮೇಷ್ಟ್ರು. "ಸುಡತಿದ್ರಿ." ಸ್ಲೈಡು ತೆಗೆದು ತಾವೇ ನೀರಿಗೆ ಹಾಕಿದರು.

ಶಾಗ್ಯದಲ್ಲಿ ಬಸ್ಸು ಇಳಿದ ಮೇಲೆ ಶಿವಣ್ಣ ಮಾವ ತನ್ನ ಮನೆಗೆ ಹೋಗಲಿಲ್ಲ. ಬಿರಬಿರನೆ ನಡೆದ. ನಾನು ಓಡುತ್ತ ಹಿಂದೆ ಹೋದೆ. ಕೆಂಪಕ್ಕನ ಮನೆಯ ಮುಂದೆ ನಿಂತು ಬಾಗಿಲು ಬಡಿದ. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದರು, ನಮ್ಮವ್ವನೂ ಬಂದು ನಿಂತಳು. ಅವನು ಮೇಷ್ಟ್ರ ಸುದ್ದಿ ಎತ್ತಲಿಲ್ಲ. ನನ್ನ ಹೆಸರೂ ಹೇಳಲಿಲ್ಲ.

"ಕೆಂಪಕ್ಕಾ, ಆಚ್ಗ್ ಬಾ" ಎಂದ. "ನಾನೇ ನೋಡ್ಕ ಬಂದೆ 
ಕಣಕ್ಕ. ನಮ್ ಉಳದಲ್ಲೇ ಆರು ಅವೆ."